ರಾವುತನೂ ಕುದುರೆಯೂ: ಒಂದು ಪಾತ್ರಾಭಿನಯ ಕ್ರೀಡೆಯ ಅಶ್ವಯುದ್ಧ ನಿಯಮಗಳ ವಿಮರ್ಶೆ

1

ಆಟದ ನಿಯಮಗಳನ್ನು ಇತಿಹಾಸದ ಅಭ್ಯಾಸಿಯು ಏಕೆ ಪರಿಶೀಲಿಸಬೇಕೆಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಉಚಿತ. ಯುದ್ಧವನ್ನು ಅನುಕರಿಸುವ ಆಟದಲ್ಲಿ ಪ್ರತಿಯೊಂದು ನಿಯಮವೂ ಒಂದು ಪ್ರತಿಪಾದನೆಯಾಗಿರುತ್ತದೆ. ಇಂಥ ಆಯುಧ ಇಷ್ಟು ಘಾತಕ, ಇಂಥ ವಾಹನ ಇಷ್ಟು ವೇಗ, ಇಂಥವನಿಗೆ ಇಂತಹುದು ಸಾಧ್ಯ, ಇಂತಹುದು ಅಸಾಧ್ಯ ಎಂದು ನಿಯಮ ಹೇಳುತ್ತದೆ. ಇತಿಹಾಸಕಾರನು ಹೇಳುವುದೂ ಇಂತಹ ಮಾತುಗಳನ್ನೇ. ಭೇದವಿಷ್ಟೇ: ಇತಿಹಾಸಕಾರನ ಮಾತಿಗೆ ಆಧಾರವನ್ನು ಕೇಳುವವರಿದ್ದಾರೆ, ನಿಯಮಗ್ರಂಥದ ಮಾತನ್ನು ಆಡುವವರು ಹಾಗೆಯೇ ಒಪ್ಪಿಕೊಳ್ಳುತ್ತಾರೆ. ಆದಕಾರಣ ಅದು ಮನಸ್ಸಿನಲ್ಲಿ ಆಳವಾಗಿ ನಾಟುತ್ತದೆ.

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ವಾಸಿಸುವ ವಿದ್ಯಾರ್ಥಿಯು ಕ್ರಿ.ಶ. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯದ ಮೊದಲ ರಾಜಧಾನಿಯಲ್ಲಿಯೇ ವಾಸಿಸುತ್ತಾನೆ. ಆ ರಾಜ್ಯದ ಬಲವು ಬಹುಮಟ್ಟಿಗೆ ಅಶ್ವಬಲವಾಗಿತ್ತು. ಹೀಗಿದ್ದರೂ ಅಶ್ವಯುದ್ಧವೆಂದೊಡನೆ ಅವನ ಕಣ್ಣಮುಂದೆ ನಿಲ್ಲುವುದು ಯುರೋಪಿನ ನೈಟ್‌ನ ಚಿತ್ರ: ಉಕ್ಕಿನ ಕವಚ, ಕಂಕುಳಲ್ಲಿ ಅವುಚಿ ಹಿಡಿದ ಭರ್ಜಿ. ಚಲನಚಿತ್ರಗಳಂತೆ ಆಟಗಳೂ ಈ ಚಿತ್ರಕ್ಕೆ ಕಾರಣವಾಗಿವೆ. ಅವುಗಳ ಪೈಕಿ ಅತ್ಯಂತ ಪ್ರಸಿದ್ಧವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯ ಕ್ರೀಡೆಯ ಅಶ್ವಯುದ್ಧ ನಿಯಮಗಳನ್ನು ಪರಿಶೀಲಿಸುವುದು, ಮತ್ತು ದಖನ್ನಿನ ಇತಿಹಾಸದ ಸಾಕ್ಷ್ಯದೊಡನೆ ಅವನ್ನು ಹೋಲಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಆಟವು ಇತಿಹಾಸವಾಗಬೇಕೆಂಬ ನಿರ್ಬಂಧವಿಲ್ಲ. ಮಾಯಾವಿಗಳೂ ಘಟಸರ್ಪಗಳೂ ಇರುವ ಕಲ್ಪಿತ ಲೋಕದಲ್ಲಿ ಐತಿಹಾಸಿಕ ಸತ್ಯವನ್ನು ಹುಡುಕುವುದು ಅರಸಿಕತೆಯಾದೀತು. ಆದರೆ ಘಟಸರ್ಪವನ್ನು ಆಟವು ತನಗೆ ತೋರಿದಂತೆ ಕಲ್ಪಿಸಿಕೊಳ್ಳಬಹುದು. ಕುದುರೆಯನ್ನು ಹಾಗೆ ಕಲ್ಪಿಸಿಕೊಳ್ಳಲಾಗದು. ಕುದುರೆಯೆಂಬ ಹೆಸರನ್ನಿಟ್ಟ ಮೇಲೆ ಅದು ಕುದುರೆಯಂತೆ ನಡೆದುಕೊಳ್ಳಬೇಕೆಂಬ ನಿರೀಕ್ಷೆಯನ್ನು ಆಟವೇ ಹುಟ್ಟಿಸುತ್ತದೆ. ವಿಮರ್ಶೆಯ ಅಳತೆಗೋಲು ಇದಿಷ್ಟೇ.

2

ಈ ಕ್ರೀಡೆಯ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬೇಕು. ಯುದ್ಧವನ್ನು ಮಣೆಯ ಮೇಲೆ ಆಡುವ ಪದ್ಧತಿಗೆ ನಮ್ಮ ಚತುರಂಗವೇ ಬಹು ಪ್ರಾಚೀನವಾದ ನಿದರ್ಶನ. 19ನೆಯ ಶತಮಾನದಲ್ಲಿ ಪ್ರಷ್ಯದ ರೈಸ್ವಿಟ್ಸ್ ಮನೆತನದ ತಂದೆಮಕ್ಕಳು ಸೈನ್ಯಾಧಿಕಾರಿಗಳ ಶಿಕ್ಷಣಕ್ಕೆಂದು ರೂಪಿಸಿದ ಯುದ್ಧಕ್ರೀಡೆಯಲ್ಲಿ ಭೂಪಟವೂ ದಾಳವೂ ತೀರ್ಪುಗಾರನೂ ಸೇರಿದರು. ಮಗನ ನಿಯಮಗ್ರಂಥ 1824ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಅವರು 1971ರಲ್ಲಿ ‘ಚೈನ್‌ಮೇಲ್’ ಎಂಬ ಮಧ್ಯಯುಗೀನ ಯುದ್ಧಕ್ರೀಡೆಯ ನಿಯಮಗಳನ್ನು ಹೊರತಂದರು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಬಂದಿತು. ಇದರಲ್ಲಿ ಆಡುವವನೊಬ್ಬನು ಸೈನ್ಯವನ್ನು ನಡೆಸುವುದಿಲ್ಲ. ಒಬ್ಬ ವೀರನ ಪಾತ್ರವನ್ನು ಮಾತ್ರ ವಹಿಸುತ್ತಾನೆ. ಸೂತ್ರಧಾರನೊಬ್ಬನು ಲೋಕವನ್ನು ವರ್ಣಿಸುತ್ತಾನೆ; ಸಂದೇಹಾಸ್ಪದವಾದ ಫಲಿತಾಂಶವನ್ನು ದಾಳ ನಿರ್ಣಯಿಸುತ್ತದೆ. 2000ದ ಮೂರನೆಯ ಆವೃತ್ತಿಯೂ 2014ರ ಐದನೆಯ ಆವೃತ್ತಿಯೂ ನಮ್ಮ ವಿಷಯಕ್ಕೆ ಮುಖ್ಯವಾದುವು. 2024ರಲ್ಲಿ ಐದನೆಯ ಆವೃತ್ತಿಯನ್ನು ಪರಿಷ್ಕರಿಸಿದ್ದಾರೆ. ಸವಾರಿಯ ಮೂಲ ಕಟ್ಟು ಅದರಲ್ಲಿಯೂ ಬದಲಾಗಿಲ್ಲ.

ಚತುರಂಗದಲ್ಲಿ ಕುದುರೆಯೂ ಅದರ ಸವಾರನೂ ಒಂದೇ ಕಾಯಿ. ಆ ಕಾಯಿಯನ್ನು ಕನ್ನಡಿಗರು ‘ಕುದುರೆ’ ಎನ್ನುತ್ತಾರೆ. ಇಂಗ್ಲಿಷರು ‘ನೈಟ್’ ಎನ್ನುತ್ತಾರೆ. ನಾವು ಪ್ರಾಣಿಯನ್ನು ಹೆಸರಿಸಿದೆವು, ಅವರು ಸವಾರನನ್ನು ಹೆಸರಿಸಿದರು. ಕಾಯಿ ಒಂದೇ ಆಗಿರುವಾಗ ಇದರಿಂದ ಬಾಧಕವಿಲ್ಲ. ಆದರೆ ಪಾತ್ರಾಭಿನಯ ಕ್ರೀಡೆಯಲ್ಲಿ ಸವಾರ ಬೇರೆ, ಕುದುರೆ ಬೇರೆ. ಎರಡು ಜೀವಗಳು, ಎರಡು ಪ್ರಾಣಾಂಕಗಳು, ಎರಡು ನಡೆಗಳು. ಇವೆರಡರ ಸಂಬಂಧವನ್ನು ನಿರೂಪಿಸುವುದೇ ಅಶ್ವಯುದ್ಧ ನಿಯಮದ ನಿಜವಾದ ಸಮಸ್ಯೆ. ಆಟದ ಯಶಸ್ಸನ್ನಾಗಲಿ ಸೋಲನ್ನಾಗಲಿ ಇಲ್ಲಿಯೇ ನೋಡತಕ್ಕದ್ದು.

3

2014ರ ನಿಯಮಗಳ ಸಾರಾಂಶ ಹೀಗಿದೆ. ಸವಾರನಿಗಿಂತ ಒಂದು ಗಾತ್ರವಾದರೂ ದೊಡ್ಡದಾದ, ಹೊರಲು ಒಪ್ಪುವ, ತಕ್ಕ ಅಂಗರಚನೆಯುಳ್ಳ ಪ್ರಾಣಿ ವಾಹನವಾಗಬಲ್ಲುದು. ಹತ್ತುವುದಕ್ಕೂ ಇಳಿಯುವುದಕ್ಕೂ ಸವಾರನ ನಡೆಯ ಅರ್ಧ ಭಾಗ ವೆಚ್ಚವಾಗುತ್ತದೆ. ಸವಾರಿಗೆ ಪಳಗಿದ ಪ್ರಾಣಿಯನ್ನು ಸವಾರನು ತನ್ನ ಹತೋಟಿಯಲ್ಲಿಟ್ಟುಕೊಳ್ಳಬಹುದು. ಆಗ ಅದರ ಸರದಿಯೂ ಸವಾರನ ಸರದಿಯೂ ಒಂದೇ. ಆದರೆ ಅದು ಮಾಡಬಹುದಾದುದು ಮೂರೇ ಕಾರ್ಯ: ಓಡುವುದು, ಶತ್ರುವಿನಿಂದ ಬಿಡಿಸಿಕೊಳ್ಳುವುದು, ಪೆಟ್ಟು ತಪ್ಪಿಸಿಕೊಳ್ಳುವುದು. ಹತೋಟಿಯನ್ನು ಬಿಟ್ಟುಕೊಟ್ಟರೆ ಪ್ರಾಣಿ ಸ್ವತಂತ್ರ. ತನ್ನ ಸರದಿಯಲ್ಲಿ ತನ್ನಿಚ್ಛೆಯಂತೆ ಕಾದಬಹುದು, ಪಲಾಯನ ಮಾಡಬಹುದು. ಕುದುರೆಯನ್ನು ಯಾರಾದರೂ ಬಲವಂತದಿಂದ ತಳ್ಳಿದಾಗ ಸವಾರನು ದಾಳ ಹಾಕಿ 10ನ್ನು ಮುಟ್ಟದಿದ್ದರೆ ಕೆಳಗುರುಳುತ್ತಾನೆ. ಕುದುರೆ ಹಾದುಹೋಗುವಾಗ ಪೆಟ್ಟು ಹಾಕುವ ಅವಕಾಶ ದೊರೆತ ಶತ್ರುವು ಸವಾರನನ್ನಾದರೂ ಹೊಡೆಯಬಹುದು, ಕುದುರೆಯನ್ನಾದರೂ ಹೊಡೆಯಬಹುದು.

ಇದರಲ್ಲಿ ಮೆಚ್ಚತಕ್ಕ ಅಂಶಗಳಿಲ್ಲವೆನ್ನಲಾಗದು. ನಿಯಮ ಒಂದು ಪುಟವನ್ನೂ ಮೀರುವುದಿಲ್ಲ. ಬೀಳುವ ಅಪಾಯವನ್ನು ಅದು ಮರೆತಿಲ್ಲ. ಶತ್ರುವು ಸವಾರನನ್ನು ಬಿಟ್ಟು ಕುದುರೆಯನ್ನೇ ಹೊಡೆಯಬಹುದೆಂಬುದು ರಣರಂಗದ ಕಠೋರ ಸತ್ಯ. ಅದಕ್ಕೂ ಇಲ್ಲಿ ಸ್ಥಾನವಿದೆ. ಆದರೂ ಮೂರು ಮುಖ್ಯ ದೋಷಗಳು ಕಂಡುಬರುತ್ತವೆ. ಅವನ್ನು ಒಂದೊಂದಾಗಿ ವಿವೇಚಿಸೋಣ.

4

ಮೊದಲನೆಯದು ಕುದುರೆಯ ಸ್ವಭಾವಕ್ಕೆ ಸಂಬಂಧಿಸಿದ್ದು. ಹತೋಟಿಯಲ್ಲಿರುವ ಕುದುರೆ ಹೊಡೆಯಲಾರದು. ಹೊಡೆಯುವ ಕುದುರೆ ಹತೋಟಿಯಲ್ಲಿರಲಾರದು. ಅದೇ ಗ್ರಂಥಮಾಲೆಯ ಪ್ರಾಣಿವರ್ಣನೆಯಲ್ಲಿ ಯುದ್ಧಾಶ್ವಕ್ಕೆ ವಿಶೇಷವಾದ ಒಂದು ಶಕ್ತಿಯನ್ನು ಕೊಟ್ಟಿದ್ದಾರೆ: 20 ಅಡಿ ನೇರವಾಗಿ ನುಗ್ಗಿ ಗೊರಸಿನಿಂದ ಹೊಡೆದರೆ ಎದುರಾಳಿ ನೆಲಕ್ಕುರುಳುವ ಸಂಭವವಿದೆ. ಆದರೆ ಸವಾರನು ಲಗಾಮನ್ನು ಹಿಡಿದಿರುವವರೆಗೆ ಆ ಶಕ್ತಿ ನಿರುಪಯೋಗಿ. ಶಿಕ್ಷಣ ಪಡೆದ ಯುದ್ಧಾಶ್ವವು ಸವಾರನ ಸಂಜ್ಞೆಯಿಲ್ಲದಾಗ ಮಾತ್ರ ಯುದ್ಧ ಮಾಡುತ್ತದೆಂಬ ಈ ಪ್ರತಿಪಾದನೆಯು ವಾಸ್ತವಕ್ಕೆ ತೀರ ವಿರುದ್ಧವಾದುದು. ಯುದ್ಧಾಶ್ವದ ಶಿಕ್ಷಣವೆಂದರೆ ಸಂಜ್ಞೆಗೆ ತಕ್ಕಂತೆ ನುಗ್ಗುವುದು, ನಿಲ್ಲುವುದು, ತಿರುಗುವುದು. ಗದ್ದಲದ ನಡುವೆಯೂ ಬೆದರದಿರುವುದು.

ಮೂರನೆಯ ಆವೃತ್ತಿಯು ಈ ವಿಷಯದಲ್ಲಿ ಹೆಚ್ಚು ವಿವೇಕವುಳ್ಳದ್ದಾಗಿತ್ತು. ಅಲ್ಲಿ ಸವಾರಿಯೆಂಬುದು ಕಲಿತು ಬೆಳೆಸಬೇಕಾದ ಕೌಶಲ. ಯುದ್ಧಕ್ಕೆ ಪಳಗಿಸದ ಕುದುರೆ ರಣರಂಗದಲ್ಲಿ ಬೆದರುತ್ತದೆ. ಅದನ್ನು ತಡೆದು ನಿಲ್ಲಿಸಲು ಸವಾರನು ಪ್ರತಿ ಸುತ್ತಿನಲ್ಲಿಯೂ 20ರ ಗುರಿಯನ್ನು ಮುಟ್ಟಬೇಕು. ಪಳಗಿದ ಯುದ್ಧಾಶ್ವದೊಡನೆ ತಾನೂ ಕೂಡಿ ಹೊಡೆಯಲು 10 ಸಾಕು. ಎರಡು ಕೈಗಳನ್ನೂ ಆಯುಧಕ್ಕೆ ಬಿಟ್ಟು ಮೊಣಕಾಲಿನಿಂದಲೇ ಕುದುರೆಯನ್ನು ನಡೆಸಲು 5 ಸಾಕು. ಮೂರ್ಛೆಹೋದ ಸವಾರನು ಹಲ್ಲಣದಲ್ಲಿಯೇ ಉಳಿಯುವ ಸಂಭವ ನೂರಕ್ಕೆ 50. ಯುದ್ಧದ ಹಲ್ಲಣವಾದರೆ 75. ಈ ಅಂಕಿಗಳ ಹಿಂದೆ ಕುದುರೆ, ಸವಾರ, ಸಲಕರಣೆ ಮೂರನ್ನೂ ಬೇರೆಬೇರೆಯಾಗಿ ತೂಗಿ ನೋಡಿದ ಬುದ್ಧಿಯೊಂದು ಕಾಣುತ್ತದೆ. 2014ರಲ್ಲಿ ನಿಯಮವನ್ನು ಸರಳಗೊಳಿಸುವ ಭರದಲ್ಲಿ ಈ ತೂಕವನ್ನೇ ಕೈಬಿಟ್ಟರು.

ನಮ್ಮ ನಾಡಿನ ಶಾಸ್ತ್ರಪರಂಪರೆಯು ಹೊರಡುವುದು ಕುದುರೆಯಿಂದ. ಅಮರಕೋಶವು ಕುದುರೆಯ ಐದು ನಡೆಗಳನ್ನು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಹೆಸರಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126-1138) ಮಾನಸೋಲ್ಲಾಸದಲ್ಲಿ ‘ವಾಜಿವಾಹ್ಯಾಲಿ ವಿನೋದ’ಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸವಾರರು ಎರಡು ಪಕ್ಷಗಳಾಗಿ, ಕೋಲಿನಿಂದ ಚೆಂಡನ್ನು ಹೊಡೆದು ತೋರಣದ ಮೂಲಕ ಹಾಯಿಸುವ ಆಟವದು. ಕುದುರೆಯ ಮೇಲಿನ ಆಟಕ್ಕೆ ನಿಯಮ ಬರೆಯುವಾಗ ಸೋಮೇಶ್ವರನು ಕುದುರೆಯ ಜಾತಿ, ಲಕ್ಷಣ, ಶಿಕ್ಷಣಗಳನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಕಲಬುರಗಿಗೆ ನೆರೆಯದಾದ ಬಸವಕಲ್ಯಾಣದಲ್ಲಿಯೇ ಆ ದೊರೆಯ ರಾಜಧಾನಿಯಿದ್ದಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ಕನ್ನಡದಲ್ಲಿ ಅಶ್ವಶಾಸ್ತ್ರವನ್ನು ಬರೆದ ಅಭಿನವಚಂದ್ರನೂ ಇದೇ ಪರಂಪರೆಯವನು. ವೈಹಾಳಿ, ಸಾಹಣಿ, ಹಲ್ಲಣ, ಹಕ್ಕರಿಕೆ, ವಾಘೆ, ಲಾಯ ಎಂಬ ಶಬ್ದಗಳೂ ಈ ಬಾಳಿಗೇ ಸೇರಿದವು. ಕುದುರೆಯ ಸುತ್ತ ಇಷ್ಟು ಮಾತುಗಳನ್ನು ಬೆಳೆಸಿಕೊಂಡ ಜನ ಅದನ್ನು ಕೇವಲ ವೇಗದ ಒಂದು ಅಂಕಿಯೆಂದು ತಿಳಿದಿರಲಿಲ್ಲ.

5

ಎರಡನೆಯ ದೋಷ ವೇಗ ಮತ್ತು ಆಯುಧಗಳಿಗೆ ಸಂಬಂಧಿಸಿದ್ದು. ಆಟದ ಒಂದು ಸುತ್ತು 6 ಸೆಕೆಂಡುಗಳದು. 2014ರ ನಿಯಮದಲ್ಲಿ ಕುದುರೆಯ ನಡೆ 60 ಅಡಿ. ಓಡಿದರೆ 120 ಅಡಿ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 22 ಕಿಲೋಮೀಟರು. ನಾಗಾಲೋಟದ ಕುದುರೆ ಗಂಟೆಗೆ 40ರಿಂದ 48 ಕಿಲೋಮೀಟರು ಹೋಗಬಲ್ಲುದು. ಎಂದರೆ ಈ ಆಟದ ಕುದುರೆ ಪ್ರಾಣಬಿಟ್ಟು ಓಡಿದರೂ ನಿಜವಾದ ಕುದುರೆಯ ಅರ್ಧ ವೇಗವನ್ನಷ್ಟೇ ಮುಟ್ಟುತ್ತದೆ. ಮೂರನೆಯ ಆವೃತ್ತಿಯಲ್ಲಿ ನಡೆಯ ನಾಲ್ಕು ಪಟ್ಟು ಓಡುವ ಅವಕಾಶವಿದ್ದಿತು; 240 ಅಡಿಯೆಂದರೆ ಗಂಟೆಗೆ ಸುಮಾರು 44 ಕಿಲೋಮೀಟರಾಯಿತು. ಹಳೆಯ ಲೆಕ್ಕ ಸರಿಯಾಗಿದ್ದಿತು. ಹೊಸದು ಅದನ್ನು ಕೆಡಿಸಿತು.

ವೇಗ ಹೋದ ಮೇಲೆ ನುಗ್ಗುವ ಬಲವೂ ಹೋಗಬೇಕಷ್ಟೆ. ಮೂರನೆಯ ಆವೃತ್ತಿಯಲ್ಲಿ ಕುದುರೆಯ ಮೇಲಿಂದ ನುಗ್ಗಿ ಇರಿದ ಭರ್ಜಿಯ ಘಾತ ಇಮ್ಮಡಿಯಾಗುತ್ತಿತ್ತು. 2014ರಲ್ಲಿ ನಿಂತ ಕುದುರೆಯ ಮೇಲಿಂದ ಇರಿದರೂ ಓಡುವ ಕುದುರೆಯ ಮೇಲಿಂದ ಇರಿದರೂ ಭರ್ಜಿಯ ಘಾತ 12 ಮುಖದ ದಾಳ ಒಂದೇ. ಕುದುರೆಯೇರಿದವನು ಅದನ್ನು ಒಂದೇ ಕೈಯಲ್ಲಿ ಹಿಡಿಯಬಹುದೆಂಬ ರಿಯಾಯಿತಿಯಷ್ಟೇ ಉಳಿದಿದೆ. ಯುರೋಪಿನ ನೈಟ್‌ನ ಚಿತ್ರವನ್ನು ಉಳಿಸಿಕೊಂಡು, ಆ ಚಿತ್ರಕ್ಕೆ ಕಾರಣವಾದ ಬಲವನ್ನು ತೆಗೆದುಹಾಕಿದಂತಾಯಿತು.

ಈ ಚಿತ್ರವೇ ಸರ್ವತ್ರ ಮಾನ್ಯವೆಂದು ಭಾವಿಸುವುದು ಮತ್ತೊಂದು ತೊಡಕು. ರಿಕಾಬಿನ ಬಳಕೆಯಿಂದ ಭರ್ಜಿಯ ನುಗ್ಗುಯುದ್ಧ ಸಾಧ್ಯವಾಯಿತೆಂದೂ ಅದರಿಂದ ಯುರೋಪಿನ ಸಮಾಜವ್ಯವಸ್ಥೆಯೇ ಬದಲಾಯಿತೆಂದೂ ಲಿನ್ ವೈಟ್ 1962ರಲ್ಲಿ ವಾದಿಸಿದನು. ಮರುವರ್ಷವೇ ಅದಕ್ಕೆ ತೀವ್ರವಾದ ಖಂಡನೆ ಬಂದಿತು. ನಮ್ಮ ಹೊಯ್ಸಳ ಶಿಲ್ಪಗಳಲ್ಲಿಯೂ ರಿಕಾಬಿನಲ್ಲಿ ಕಾಲಿಟ್ಟ ರಾವುತರಿದ್ದಾರೆ; ಜ್ಯಾಂ ದೆಲೋಶ್ ಈ ಶಿಲ್ಪಗಳ ಸೈನಿಕ ಸಲಕರಣೆಗಳನ್ನು ಕುರಿತು 1989ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದ್ದಾನೆ. ರಿಕಾಬು ಇದ್ದಲ್ಲೆಲ್ಲ ಯುರೋಪಿನ ನೈಟ್ ಹುಟ್ಟಲಿಲ್ಲ.

ದಖನ್ನಿನ ಸಾಕ್ಷ್ಯ ಬೇರೆಯ ಕಡೆಗೆ ಬೆರಳು ತೋರಿಸುತ್ತದೆ. ಬಹಮನಿಗಳೊಡನೆ ನಡೆದ ಯುದ್ಧಗಳಲ್ಲಿ ತನ್ನವರು ಸೋಲುವುದಕ್ಕೆ ಕಾರಣವೇನೆಂದು ವಿಜಯನಗರದ ಇಮ್ಮಡಿ ದೇವರಾಯನು (ಆಳ್ವಿಕೆ 1424-1446) ಮಂತ್ರಾಲೋಚನೆ ನಡೆಸಿದನೆಂದು ಫಿರಿಸ್ತಾ ಬರೆಯುತ್ತಾನೆ. ಅಲ್ಲಿ ಬಂದ ಉತ್ತರಗಳಲ್ಲಿ ಎರಡು ಮುಖ್ಯ: ಶತ್ರುವಿನ ಕುದುರೆಗಳು ಹೆಚ್ಚು ಬಲಿಷ್ಠವಾಗಿ ದಣಿವನ್ನು ತಡೆಯಬಲ್ಲವು, ಅವರಲ್ಲಿ ನಿಪುಣ ಬಿಲ್ಲಾಳುಗಳಿದ್ದಾರೆ. ತರುವಾಯ ದೇವರಾಯನು ಮುಸಲ್ಮಾನ ಬಿಲ್ಲಾಳುಗಳನ್ನು ಸೇವೆಗೆ ತೆಗೆದುಕೊಂಡನು. ಫಿರಿಸ್ತಾ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ತರುವಾಯ ಬಿಜಾಪುರದ ಆಸ್ಥಾನದಲ್ಲಿದ್ದು ಬರೆದವನಾದ್ದರಿಂದ ಅವನ ಮಾತನ್ನು ಎಚ್ಚರಿಕೆಯಿಂದಲೇ ಸ್ವೀಕರಿಸತಕ್ಕದ್ದು. ಆದರೆ ದೇವರಾಯನ ಸೇವೆಯಲ್ಲಿ ಮುಸಲ್ಮಾನರಿದ್ದುದಕ್ಕೆ ಸ್ವತಂತ್ರ ಆಧಾರವಿದೆ. ಅವನ ಸೇವಕನಾದ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಧರ್ಮಸಾಲೆಯ ಶಾಸನ ವಿಜಯನಗರದಲ್ಲಿಯೇ ಉಂಟು. ಹೇಗೂ ಒಬ್ಬ ದಖನ್ನಿನ ಇತಿಹಾಸಕಾರನು ಅಶ್ವಯುದ್ಧದ ಜಯಾಪಜಯವನ್ನು ಕುದುರೆಯ ತಾಳಿಕೆ ಮತ್ತು ಬಿಲ್ಲುಗಾರಿಕೆಗಳಿಂದ ಅಳೆದನೆಂಬುದು ನಿರ್ವಿವಾದ. ಭರ್ಜಿಯ ಮಾತು ಅಲ್ಲಿ ಬರುವುದಿಲ್ಲ.

ಈ ಎರಡು ಗುಣಗಳಿಗೂ 2014ರ ನಿಯಮದಲ್ಲಿ ಬೆಲೆಯಿಲ್ಲ. ಅಶ್ವಯುದ್ಧದಲ್ಲಿ ನೈಪುಣ್ಯ ಗಳಿಸಿದ ವೀರನಿಗೆ ಆಟವು ವಿಶೇಷ ಅನುಕೂಲವೊಂದನ್ನು ಕೊಡುತ್ತದೆ. ಆದರೆ ಅದು ಕೈಗೆಟಕುವ ಶತ್ರುವನ್ನು ಹೊಡೆಯುವಾಗ ಮಾತ್ರ. ಬಿಲ್ಲಿಗೆ ಅದು ಅನ್ವಯಿಸದು. ಇನ್ನೊಂದು ಕಡೆ, ಎಂದೂ ಕುದುರೆಯೇರದವನು ಓಡುವ ಕುದುರೆಯ ಮೇಲಿಂದ ಬಾಣ ಬಿಟ್ಟರೂ ನೆಲದ ಮೇಲೆ ನಿಂತವನಂತೆಯೇ ಗುರಿ ಮುಟ್ಟುತ್ತಾನೆ. ಮೂರನೆಯ ಆವೃತ್ತಿಯಲ್ಲಿ ಕುದುರೆ ಇಮ್ಮಡಿ ನಡೆದರೆ 4, ಪೂರ್ಣವೇಗದಲ್ಲಿ ಓಡಿದರೆ 8 ಅಂಕಗಳ ಕಡಿತವಿದ್ದಿತು; ಅಭ್ಯಾಸದಿಂದ ಆ ಕಡಿತವನ್ನು ಕಡಿಮೆ ಮಾಡಿಕೊಳ್ಳಬಹುದಾಗಿತ್ತು. ಕಷ್ಟವಿಲ್ಲದಲ್ಲಿ ಕೌಶಲಕ್ಕೂ ಸ್ಥಾನವಿರುವುದಿಲ್ಲ. ಯಾವ ವಿದ್ಯೆಗಾಗಿ ಒಂದು ಸಾಮ್ರಾಜ್ಯವು ಪರರಾಜ್ಯದ ಪದ್ಧತಿಯನ್ನು ಅನುಸರಿಸಿತೋ ಆ ವಿದ್ಯೆ ಇಲ್ಲಿ ಯಾರಿಗಾದರೂ ಬರುವ ಸಾಮಾನ್ಯ ಕೆಲಸವಾಗಿದೆ.

6

ಮೂರನೆಯ ದೋಷ ಬೆಲೆ ಮತ್ತು ಪೋಷಣೆಗಳದು. 2014ರ ಗ್ರಂಥದ ದರಪಟ್ಟಿಯಲ್ಲಿ ಸವಾರಿ ಕುದುರೆಗೆ 75 ಚಿನ್ನದ ನಾಣ್ಯ, ಯುದ್ಧಾಶ್ವಕ್ಕೆ 400. ಸವಾರಿ ಕುದುರೆಯ ಬೆಲೆಯೂ ಸರಪಳಿ ಕವಚದ ಬೆಲೆಯೂ ಒಂದೇ. ಪೂರ್ಣ ಉಕ್ಕಿನ ಕವಚದ ಬೆಲೆ 1,500. ಒಂದು ಕವಚವನ್ನು ಕೊಳ್ಳುವ ಹಣದಲ್ಲಿ ಮೂರು ಯುದ್ಧಾಶ್ವಗಳನ್ನು ಕೊಂಡು ಮಿಗಿಸಬಹುದು. ಕಮ್ಮಾರನ ಕೈಗೆಲಸ ದುಬಾರಿ, ಕುದುರೆ ಅಗ್ಗ ಎಂಬ ಈ ತಾರತಮ್ಯವು ಹುಲ್ಲುಗಾವಲಿನ ನಾಡಿಗೆ ಒಪ್ಪಬಹುದು, ದಖನ್ನಿಗೆ ಒಪ್ಪದು. ಇಲ್ಲಿ ಒಳ್ಳೆಯ ಯುದ್ಧಾಶ್ವ ಅರಬಸ್ತಾನ, ಪಾರಸಿಕ ದೇಶಗಳಿಂದ ಹಡಗಿನಲ್ಲಿ ಬರಬೇಕಾಗಿತ್ತು. ಪಾಂಡ್ಯದೇಶದಲ್ಲಿ ಒಂದು ಕುದುರೆಗೆ 100 ಮಾರ್ಕಿಗೂ ಮಿಕ್ಕ ಬೆಳ್ಳಿಯನ್ನು ಕೊಡುತ್ತಿದ್ದರೆಂದೂ, ಸರಿಯಾದ ಆರೈಕೆಯಿಲ್ಲದೆ ಅವು ಬೇಗ ಸಾಯುತ್ತಿದ್ದುದರಿಂದ ವರ್ಷವರ್ಷವೂ ಹೊಸದಾಗಿ ಕೊಳ್ಳಬೇಕಾಗುತ್ತಿತ್ತೆಂದೂ ಮಾರ್ಕೋ ಪೋಲೋ ಬರೆದಿದ್ದಾನೆ. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ನೂನಿಜ್ ಹೇಳುತ್ತಾನೆ. ವರ್ತಕರು ಬರುವುದು ನಿಂತುಹೋದರೆ ರಾಜ್ಯವೇ ನಿಲ್ಲದೆಂಬ ಭಯ ಆ ಉದಾರತೆಯ ಹಿಂದೆ ಇದ್ದಿತೆಂದು ಊಹಿಸಬಹುದು.

ಕಲಬುರಗಿ ಜಿಲ್ಲೆಯ ಸಾಕ್ಷ್ಯ ಇನ್ನೂ ಹತ್ತಿರದ್ದು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಬಹಮನಿ ರಾಜ್ಯಕ್ಕೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿಟಿನ್ ಮಾರುವುದಕ್ಕೆಂದು ತಾನೂ ಒಂದು ಕುದುರೆಯನ್ನು ತಂದಿದ್ದನು. ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆಗಳು ಮಾತ್ರ ಹುಟ್ಟುತ್ತವೆಂದು ಅವನು ಬರೆಯುತ್ತಾನೆ. ಕುದುರೆಗಳಿಗೆ ಕಾಳನ್ನೂ, ಸಕ್ಕರೆ ಎಣ್ಣೆ ಬೆರೆಸಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುತ್ತಿದ್ದರೆಂದು ದಾಖಲಿಸುತ್ತಾನೆ. ಶೇಖ್ ಅಲಾಉದ್ದೀನರ ಹೆಸರಿನಲ್ಲಿ ನಡೆಯುತ್ತಿದ್ದ ಹತ್ತು ದಿನಗಳ ಜಾತ್ರೆಯನ್ನು ವರ್ಣಿಸುತ್ತ, ಅಲ್ಲಿಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆನ್ನುತ್ತಾನೆ. ಆ ಸ್ಥಳ ನಮ್ಮ ಆಳಂದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಂಕಿಯಲ್ಲಿ ಪ್ರವಾಸಿಯ ಅತಿಶಯೋಕ್ತಿ ಇರಬಹುದು. ಆದರೆ ಆಳಂದವು ದೊಡ್ಡ ಕುದುರೆ ಸಂತೆಯಾಗಿತ್ತೆಂಬುದನ್ನು ಅಲ್ಲಗಳೆಯಲು ಕಾರಣವಿಲ್ಲ.

ಆಟದ ದರಪಟ್ಟಿಯಲ್ಲಿ ದಿನಕ್ಕೆ 5 ತಾಮ್ರದ ನಾಣ್ಯಗಳ ಮೇವು, 5 ಬೆಳ್ಳಿಯ ನಾಣ್ಯಗಳ ಲಾಯದ ಬಾಡಿಗೆ ಎಂದು ಬರೆದಿದೆ. ಪ್ರಯಾಣದ ಪ್ರಕರಣದಲ್ಲಿ ಕುದುರೆ ಸುಮಾರು ಒಂದು ಗಂಟೆ ಮಾತ್ರ ನಾಗಾಲೋಟ ಓಡಬಲ್ಲುದೆಂದೂ ಇದೆ. ಆದರೆ ಇವೆರಡೂ ಯುದ್ಧದ ಪ್ರಕರಣಕ್ಕೆ ಕಾಲಿಡುವುದಿಲ್ಲ. ದಣಿದ ಕುದುರೆಗೂ ತಾಜಾ ಕುದುರೆಗೂ, ಹುರುಳಿ ತಿಂದ ಕುದುರೆಗೂ ಒಣಹುಲ್ಲು ತಿಂದ ಕುದುರೆಗೂ ರಣರಂಗದಲ್ಲಿ ಭೇದವಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯವೊಂದುಂಟು. ಯುದ್ಧಾಶ್ವದ ಪ್ರಾಣಾಂಕ 19. ಆಟ ಮುಂದುವರಿದಂತೆ ಸವಾರನ ಪ್ರಾಣಾಂಕ ಬೆಳೆಯುತ್ತದೆ, ಕುದುರೆಯದು ಬೆಳೆಯುವುದಿಲ್ಲ. ಐದನೆಯ ಹಂತದ ಮಾಯಾವಿಯ ಬೆಂಕಿಯುಂಡೆಯ ಸರಾಸರಿ ಘಾತ 28. ಒಂದೇ ಏಟಿಗೆ ಕುದುರೆ ಸಾಯುತ್ತದೆ, ಸವಾರ ಉಳಿಯುತ್ತಾನೆ. ಇಂಥಲ್ಲಿ ಕುದುರೆಯನ್ನು ಆಟಗಾರನು ಕ್ರಮೇಣ ಬಿಟ್ಟುಬಿಟ್ಟರೆ ದೋಷ ಅವನದಲ್ಲ.

7

ಇದಕ್ಕೆ ಸಮಾಧಾನವಾಗಿ ಒಂದು ಮಾತನ್ನು ಹೇಳಬಹುದು. ಈ ಆಟದ ಮುಖ್ಯ ರಂಗ ನೆಲಮಾಳಿಗೆ, ಗುಹೆ, ಹಾಳು ಕೋಟೆ. ಅಲ್ಲಿಗೆ ಕುದುರೆ ಹೋಗಲಾರದು. ಆದ್ದರಿಂದ ನಿಯಮ ಸಂಕ್ಷಿಪ್ತವಾಗಿದ್ದರೇ ಒಳ್ಳೆಯದು. ಈ ವಾದದಲ್ಲಿ ಹುರುಳಿದೆ. ಮೂರನೆಯ ಆವೃತ್ತಿಯ ಕೂಡು ಕಳೆ ಲೆಕ್ಕಗಳು ಆಟವನ್ನು ನಿಧಾನಗೊಳಿಸುತ್ತಿದ್ದುವೆಂಬುದೂ ಸುಳ್ಳಲ್ಲ. ಆದರೆ ಸಂಕ್ಷೇಪಕ್ಕೂ ಲೋಪಕ್ಕೂ ವ್ಯತ್ಯಾಸವಿದೆ. ಮೂರೇ ತಿದ್ದುಪಡಿಗಳಿಂದ ಮೇಲ್ಕಂಡ ದೋಷಗಳ ಬಹುಭಾಗ ನಿವಾರಣೆಯಾಗುತ್ತದೆ. ಒಂದು, ಯುದ್ಧಕ್ಕೆ ಪಳಗಿದ ಕುದುರೆ ಹತೋಟಿಯಲ್ಲಿದ್ದಾಗಲೂ ಹೊಡೆಯಬಹುದು, ಪಳಗದ ಕುದುರೆ ಮೊದಲ ಗಾಯಕ್ಕೆ ಬೆದರುತ್ತದೆ ಎನ್ನುವುದು. ಎರಡು, ಪೂರ್ಣವೇಗದ ಓಟವನ್ನು ಮರಳಿ ತಂದು, ಒಂದು ಯುದ್ಧದಲ್ಲಿ ಅದನ್ನು ಇಷ್ಟೇ ಸಲ ಬಳಸಬಹುದೆಂದು ಕುದುರೆಯ ತಳಿಗೂ ಮೇವಿಗೂ ತಕ್ಕಂತೆ ಗೊತ್ತುಪಡಿಸುವುದು. ಮೂರು, ಓಡುವ ಕುದುರೆಯ ಮೇಲಿಂದ ಬಾಣ ಬಿಡುವುದನ್ನು ಎಲ್ಲರಿಗೂ ಕಷ್ಟಸಾಧ್ಯವಾಗಿಸಿ, ಅಭ್ಯಾಸ ಮಾಡಿದವನಿಗೆ ಮಾತ್ರ ಸುಲಭವಾಗಿಸುವುದು. ಇವನ್ನು ಬರೆಯಲು ಅರ್ಧ ಪುಟ ಸಾಕು. ದೇವರಾಯನ ಮಂತ್ರಾಲೋಚನೆಯ ಎರಡು ಉತ್ತರಗಳಿಗೂ ಆಗ ಆಟದಲ್ಲಿ ಸ್ಥಾನ ದೊರೆಯುತ್ತದೆ.

8

ಆಟವನ್ನು ರಚಿಸಿದವರ ಮೇಲೆ ಮಾತ್ರ ತಪ್ಪು ಹೊರಿಸಿ ಈ ವಿಮರ್ಶೆಯನ್ನು ಮುಗಿಸುವುದು ನ್ಯಾಯವಾಗದು. ಕುದುರೆಯನ್ನು ಅಂಕಿಯಾಗಿ ಮಾಡಿದವರು ಅವರೊಬ್ಬರೇ ಅಲ್ಲ. ಮಧ್ಯಕಾಲೀನ ದಖನ್ನಿನ ಇತಿಹಾಸವನ್ನು ಹೇಳುವ ನಮ್ಮ ಪಠ್ಯಗ್ರಂಥಗಳಲ್ಲಿಯೂ ಇಂಥ ದೊರೆ ಇಷ್ಟು ಸಾವಿರ ಅಶ್ವದಳದೊಡನೆ ಹೊರಟನೆಂಬ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಆ ಸಾವಿರಗಳಿಗೆ ದಿನಕ್ಕೆಷ್ಟು ಕಾಳು ಬೇಕಾಯಿತು, ಅದನ್ನು ಯಾವ ಊರಿನ ಒಕ್ಕಲಿನಿಂದ ಎತ್ತಿದರು, ಮಳೆಗಾಲದಲ್ಲಿ ಲಾಯಗಳು ಹೇಗಿದ್ದುವು, ಲಾಳ ಹೊಡೆದವರು ಯಾರು, ಹುಲ್ಲು ಕೊಯ್ದು ತಂದವರು ಯಾರು ಎಂಬ ಪ್ರಶ್ನೆಗಳು ವಿರಳವಾಗಿ ಮಾತ್ರ ಕೇಳಿಬರುತ್ತವೆ. ಪ್ರತಿಯೊಬ್ಬ ರಾವುತನ ಹಿಂದೆ ಇಂಥವರು ಕೆಲವರಾದರೂ ಇದ್ದೇ ಇದ್ದಿರಬೇಕು. ಆಟದ ನಿಯಮದಲ್ಲಿ ಅವರಿಲ್ಲದಿರುವುದು ಕ್ಷಮ್ಯ. ಇತಿಹಾಸದಲ್ಲಿ ಇಲ್ಲದಿರುವುದು ಕ್ಷಮ್ಯವಲ್ಲ.

ಆದುದರಿಂದ ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಇಂಥ ನಿಯಮಗ್ರಂಥವೊಂದನ್ನು ನಿಕಿಟಿನ್, ನೂನಿಜ್, ಫಿರಿಸ್ತಾ ಅವರ ಬರಹಗಳೊಡನೆ ಇಟ್ಟು ಓದಿಸುವುದು ನಿಷ್ಪ್ರಯೋಜಕವಾಗದು. ಪ್ರತಿಯೊಂದು ನಿಯಮಕ್ಕೂ ಆಧಾರವೇನೆಂದು ಕೇಳುವ ವಿದ್ಯಾರ್ಥಿಯು ಇತಿಹಾಸಗ್ರಂಥದ ಪ್ರತಿಯೊಂದು ವಾಕ್ಯಕ್ಕೂ ಅದನ್ನೇ ಕೇಳಲು ಕಲಿಯುತ್ತಾನೆ. ಆಳಂದದ ಸಂತೆಗೆ ಬಂದ ಕುದುರೆಗಳ ಲೆಕ್ಕವನ್ನೂ, ಅವುಗಳ ಮೇವಿನ ಲೆಕ್ಕವನ್ನೂ ದಖನ್ನಿನ ಆಕರಗಳಿಂದ ಸಂಗ್ರಹಿಸುವ ಕೆಲಸ ಇನ್ನೂ ಬಹಳವಿದೆ. ಅದಕ್ಕೆ ಕೈಹಾಕುವ ತರುಣ ಸಂಶೋಧಕರನ್ನು ಈ ಲೇಖನವು ಪ್ರೇರಿಸಿದರೆ ಇದರ ಉದ್ದೇಶ ಸಫಲವಾದಂತೆ.